ಡೈರೆಕ್ಟರ ಎಡಗೈ

ಆ ಮನೆಯಲ್ಲಿ ಎಡಗೈಗೆ ಇದ್ದ ಮರ್ಯಾದೆ ಬಾಯಿಗೆ ಇರಲಿಲ್ಲ. ಡೈರೆಕ್ಟರು ಎಡಗೈಯನ್ನು ಕಿವಿಯ ಮಟ್ಟಕ್ಕೆ ಎತ್ತಿ, ಬಲಗೈಯಿಂದ ಜೇಬಿನೊಳಗಿನ ಕರೀ ರೆಕಾರ್ಡರ್ ತೆಗೆದು, "ಒಂದ್ನಿಮಿಷ, ರೂಮ್ ಟೋನ್" ಅಂದರೆ ಮುಗಿಯಿತು. ಅಡುಗೆಮನೆಯಲ್ಲಿ ಸೌಟು ನಿಲ್ಲುತ್ತಿತ್ತು, ಬಚ್ಚಲಲ್ಲಿ ನಲ್ಲಿ ನಿಲ್ಲುತ್ತಿತ್ತು. ಬಾಗಿಲಿಗೆ ಬಂದ ಹಾಲಿನವನು ಕೂಡ ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ಕೆಳಗೆ ಇಟ್ಟುಕೊಂಡು ಉಸಿರು ಬಿಗಿಹಿಡಿಯುವುದನ್ನು ಕಲಿತಿದ್ದ. ಹೇಳಿದ ಮಾತು ಕೇಳದೆ ಇದ್ದದ್ದು ಕುಕ್ಕರ್ ಒಂದೇ.

ಡೈರೆಕ್ಟರು ಅಂದರೆ ದೊಡ್ಡ ಪರದೆಯವರಲ್ಲ. ಹಾಡು, ಹೊಡೆದಾಟ, ನಾಯಕಿ ಯಾವುದೂ ಇಲ್ಲದ ಸಾಕ್ಷ್ಯಚಿತ್ರ ಮಾಡುವವರು. ಆ ಹೆಸರನ್ನು ಇಟ್ಟವರು ಅವರ ತಾಯಿ. ಮಗ ಓದು ಬಿಟ್ಟು ಕ್ಯಾಮೆರಾ ಹೆಗಲಿಗೇರಿಸಿದ ದಿನ "ಬಂದರಪ್ಪ ಡೈರೆಕ್ಟರು" ಎಂದು ಕೊಂಕು ನುಡಿದರು. ಬೀದಿಯವರು ಅದನ್ನು ನಿಜವೆಂದು ನಂಬಿ ಗೌರವದಿಂದಲೇ ಕರೆಯತೊಡಗಿದರು, ಹೆಸರು ಅಂಟಿಕೊಂಡುಬಿಟ್ಟಿತು. ಆಮೇಲೆ ಅವರು ಕೈ ತೊಳೆಯುವುದರ ಬಗ್ಗೆ ಚಿತ್ರ ಮಾಡಿದರು, ಕಾರ್ಖಾನೆಯಲ್ಲಿ ಬೆಂಕಿ ಬಿದ್ದರೆ ಯಾವ ಬಾಗಿಲಿಂದ ಓಡಬೇಕು ಎಂಬುದರ ಬಗ್ಗೆ ಮಾಡಿದರು, ಮದುವೆಗಳಲ್ಲಿ ಊಟ ಮಾಡುವವರ ಮುಖಕ್ಕೆ ದೀಪ ಹಿಡಿದರು. ಮನಸ್ಸಿಟ್ಟು ಮಾಡಿದ್ದು ಒಂದೇ ಒಂದು. ರೈಲು ನಿಲ್ದಾಣದಲ್ಲಿ ಜನ ಕಳೆದುಕೊಂಡ ಸಾಮಾನುಗಳನ್ನು ಕಾಯುವ ಕಚೇರಿಯ ಬಗ್ಗೆ. ಅದಕ್ಕೆ ಒಂದು ಬಹುಮಾನ ಬಂತು, ಹಿತ್ತಾಳೆಯದು, ಬಹಳ ಭಾರ. ಗಾಳಿಗೆ ಹಿತ್ತಲ ಬಾಗಿಲು ಬಡಿದುಕೊಳ್ಳದ ಹಾಗೆ ಅದನ್ನೇ ಅಡ್ಡ ಇಟ್ಟಿದ್ದರು.

ಈ ರೂಮ್ ಟೋನ್ ಎಂಬುದು ಅವರ ಕಸುಬಿನ ಪದ. ಎಲ್ಲೇ ಚಿತ್ರೀಕರಣ ಮಾಡಲಿ, ಕೊನೆಗೆ ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷ ಆ ಜಾಗದ ಬರೀ ಸದ್ದನ್ನು ಹಿಡಿದುಕೊಳ್ಳಬೇಕು. ಆಮೇಲೆ ಚಿತ್ರ ಕತ್ತರಿಸಿ ಜೋಡಿಸುವಾಗ ಮಾತುಗಳ ನಡುವೆ ಹಾಕಲು ಅದು ಬೇಕಾಗುತ್ತದೆ. ಒಂದೊಂದು ಕೋಣೆಗೂ ಒಂದೊಂದು ಮೌನ ಇರುತ್ತದಂತೆ.

ಡೈರೆಕ್ಟರ ಹೆಂಡತಿ ಮಾರುಹೋದದ್ದೇ ಇದಕ್ಕೆ. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ಈಗಲೂ ಅಲ್ಲೇ ಇದ್ದಾಳೆ, ಬೀದಿಗೆಲ್ಲ ಕನ್ನಡಕದಮ್ಮ. ಆಗಿನ್ನೂ ಹುಡುಗಿ. ಅಂಗಡಿಯ ಜಾಹೀರಾತು ಚಿತ್ರಿಸಲು ಬಂದ ಈ ಉದ್ದ ಕತ್ತಿನ ಯುವಕ ಕೊನೆಗೆ ಎಡಗೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದ. ಎಷ್ಟೋ ದಿನದಿಂದ ಕೂತಿದ್ದ ಅಂಗಡಿಯನ್ನು ಅವಳು ಅವತ್ತು ಮೊದಲ ಸಲ ಕೇಳಿಸಿಕೊಂಡಳು. ಗಾಜು ಅರೆಯುವ ಯಂತ್ರದಿಂದ ತೊಟ್ಟಿಕ್ಕುವ ನೀರು, ಗೋಡೆ ಗಡಿಯಾರ, ಹೊರಗೆ ಯಾರೋ ಸೈಕಲ್ ನಿಲ್ಲಿಸಿದ್ದು. ಮೌನವನ್ನು ಇಷ್ಟು ಜತನದಿಂದ ಎತ್ತಿಟ್ಟುಕೊಳ್ಳುವವನು ಹೆಂಡತಿಯನ್ನು ಹೇಗೆ ನೋಡಿಕೊಳ್ಳಬಹುದು ಎಂದುಕೊಂಡಳು. ಪಾಪ, ವಯಸ್ಸು ಅಂಥದ್ದು.

ಮದುವೆಯಾದ ಮೇಲೆ ಮನೆಯಲ್ಲೂ ಎಡಗೈ ಏಳತೊಡಗಿತು. "ಒಂದೊಂದು ಹೊತ್ತಿಗೆ ಮನೆಯ ಮೌನ ಬೇರೆ ಬೇರೆ ಇರುತ್ತೆ, ಸಂಗ್ರಹಿಸ್ತಾ ಇದ್ದೀನಿ" ಎಂದು ಗಂಡ ಹೇಳಿದಾಗ ಅವಳಿಗೆ ಕಣ್ಣಲ್ಲಿ ನೀರು ಬಂದಿತ್ತು. ಅತ್ತೆ ಸೊಸೆಯರ ಮಾತಿಗೆ ಕಾವು ಏರುವ ಹೊತ್ತಿಗೇ ಈ ಸಂಗ್ರಹದ ಹುಕಿ ಹತ್ತುತ್ತದಲ್ಲ ಎಂದು ಅವಳು ಯೋಚಿಸಲಿಲ್ಲ. ದುಡಿಯುವವಳಿಗೆ ಅಷ್ಟೆಲ್ಲ ಯೋಚಿಸಲು ಪುರಸೊತ್ತೆಲ್ಲಿ?

ಜಗಳ ಶುರುವಾದದ್ದು ಬಟಾಣಿ ಬಿಡಿಸುವಾಗ.

ಅಂಗಡಿಯ ಯಜಮಾನರ ಮೊಣಕಾಲು ಕೈಕೊಟ್ಟಿತ್ತು. ಅಂಗಡಿ ಮುಚ್ಚುತ್ತೇನೆ ಅಂದವರು ಇವಳನ್ನು ಕರೆದು, "ಗಾಜು ಅರೆಯೋ ಯಂತ್ರ, ಕಣ್ಣು ಪರೀಕ್ಷೆ ಪೆಟ್ಟಿಗೆ, ಗಾಜಿನ ಬೀರು ಎಲ್ಲ ನೀನೇ ತಗೊಂಡು ಹೋಗಮ್ಮ. ದುಡ್ಡು ನಿಧಾನಕ್ಕೆ ಕೊಡು. ಆದರೆ ತಿಂಗಳ ಕೊನೆಗೆ ನಾನು ಜಾಗ ಖಾಲಿ ಮಾಡ್ಬೇಕು. ಅಷ್ಟರಲ್ಲಿ ಒಯ್ಯದೇ ಇದ್ರೆ ಬೇರೆಯವರಿಗೆ ಕೊಟ್ಟುಬಿಡ್ತೀನಿ" ಅಂದಿದ್ದರು. ಅವಳ ಕಾಲು ನೆಲಕ್ಕೆ ತಾಗಲಿಲ್ಲ. ಮನೆಗೆ ಬಂದವಳೇ ಅಳತೆ ಪಟ್ಟಿ ಹಿಡಿದು ಮುಂದಿನ ಕೋಣೆಯನ್ನು ಉದ್ದಕ್ಕೂ ಅಡ್ಡಕ್ಕೂ ಅಳೆದಳು. ಬೀದಿಗೆ ಒಂದು ಬಾಗಿಲು, ಒಂದು ದೊಡ್ಡ ಕಿಟಕಿ. ಅಕ್ಷರದ ಫಲಕ ಒಂದು ಗೋಡೆಗೆ ತೂಗುಹಾಕಿ ಎದುರು ಗೋಡೆಗೆ ಕುರ್ಚಿ ಹಾಕಿದರೆ ಕಣ್ಣು ಪರೀಕ್ಷೆಗೆ ಹೇಳಿಮಾಡಿಸಿದ ಜಾಗ.

ಆದರೆ ಆ ಕೋಣೆಯ ಅರ್ಧ ಡೈರೆಕ್ಟರ ಸಾಮಾನಿನದು. ಪೆಟ್ಟಿಗೆಗಳು, ಮೂರು ಕಾಲಿನ ಸ್ಟ್ಯಾಂಡುಗಳು, ಸುರುಳಿ ಸುತ್ತಿದ ನೀಲಿ ಬಟ್ಟೆ, ಉರಿಯದ ದೀಪಗಳು. ಇನ್ನರ್ಧ ಅತ್ತೆಯದು. ಅವರು ದೂರವಾಣಿ ಕಚೇರಿಯಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಊರಿನವರ ಮಾತನ್ನೆಲ್ಲ ಜೋಡಿಸಿ ಅಭ್ಯಾಸ. ಈಗ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತರೆ ಬೀದಿಯಲ್ಲಿ ಯಾರು ಯಾರ ಜೊತೆ ಹೋದರು, ಯಾರ ಚಪ್ಪಲಿ ಹೊಸದು, ಎಲ್ಲ ಅವರ ಹದ್ದುಬಸ್ತಿನಲ್ಲಿ.

"ಅತ್ತೆ, ಮುಂದಿನ ಕೋಣೆ ವಿಷಯ ಮಾತಾಡ್ಬೇಕಿತ್ತು" ಅಂದಳು ಸೊಸೆ, ಬಟಾಣಿ ಪಾತ್ರೆಗೆ ಕೈ ಹಾಕುತ್ತ.

"ಅಳೆದಿದ್ದನ್ನ ನೋಡಿದೆ" ಅಂದರು ಅತ್ತೆ. "ನನ್ನ ಕುರ್ಚೀನೂ ಅಳೆದ್ಯಲ್ಲ. ಅದನ್ನೂ ಮಾರ್ತೀಯಾ?"

"ಅಲ್ಲಿ ಅಂಗಡಿ ಹಾಕೋಣ ಅಂತ."

"ನಾನೆಲ್ಲಿ ಹೋಗ್ಲಿ?"

"ಹಿಂದಿನ ಕೋಣೆ ಇದೆಯಲ್ಲ..."

"ಹಿಂದಿನ ಕೋಣೆ ಕಿಟಕೀಲಿ ಏನು ಕಾಣುತ್ತೆ? ಪಕ್ಕದ ಮನೆಯವರ ನೀರಿನ ಟ್ಯಾಂಕು! ಉಳಿದ ಆಯಸ್ಸೆಲ್ಲ ಟ್ಯಾಂಕು ತುಂಬಿತಾ ಇಲ್ವಾ ಅಂತ ನೋಡ್ಕೊಂಡಿರ್ಲಾ?"

"ಅಜ್ಜಿ, ಟ್ಯಾಂಕು ತುಂಬಿದ್ರೆ ಅವರಿಗೆ ಫೋನ್ ಮಾಡಿ ಹೇಳ್ಬಹುದು" ಅಂದಳು ಮೊಮ್ಮಗಳು. ಅಪ್ಪನಿಗಿಂತ ಎತ್ತರ ಬೆಳೆದಿದ್ದರೂ ಮನೆಯಲ್ಲಿ ಅವಳಿನ್ನೂ ಪುಟ್ಟಿಯೇ.

"ನೀನು ಬಟಾಣಿ ತಿನ್ನೋದು ನಿಲ್ಸಿ ಬಿಡ್ಸು" ಅಂದಳು ತಾಯಿ. "ಅತ್ತೆ, ಇಷ್ಟು ವರ್ಷ ಬೇರೆಯವರ ಅಂಗಡೀಲಿ ನಿಂತು ಸವೆದಿದ್ದೀನಿ. ನನಗೂ ಒಂದು ಸ್ವಂತದ್ದು ಬೇಡ್ವಾ?"

"ಬೇಕು. ನನ್ನ ತಲೆ ಮೇಲೇ ಬೇಕಾ?"

ಇಬ್ಬರೂ ಒಟ್ಟಿಗೆ ಡೈರೆಕ್ಟರ ಕಡೆಗೆ ತಿರುಗಿದರು. "ರೀ, ನೀವು ಹೇಳಿ." "ಏನೋ, ನೀನೇ ಹೇಳು."

ಡೈರೆಕ್ಟರು ಕೈಯಲ್ಲಿದ್ದ ಬಟಾಣಿ ಸಿಪ್ಪೆಯನ್ನು ಒಂದು ಗಳಿಗೆ ನೋಡಿದರು. ಎಡಗೈ ಮೇಲೆದ್ದಿತು. "ಒಂದ್ನಿಮಿಷ. ರೂಮ್ ಟೋನ್. ಸಿಪ್ಪೆ ಸುಲಿದ ಮೇಲಿನ ಮೌನ, ಬಹಳ ಅಪರೂಪ."

ಮೂವರೂ ಬಾಯಿಗೆ ಬೀಗ ಹಾಕಿಕೊಂಡು ಕೂತರು. ನಿಮಿಷ ಮುಗಿಯುವಷ್ಟರಲ್ಲಿ ಮಾತು ಆರಿಹೋಗಿತ್ತು, ಡೈರೆಕ್ಟರು ಸಹ ಎದ್ದು ಹೋಗಿದ್ದರು.

ಅದೇ ವಾರ ಅವರಿಗೂ ಒಂದು ಅವಕಾಶ ಒದಗಿತು. ಯಾವುದೋ ಸಂಸ್ಥೆಯವರು ಒಬ್ಬ ಸಾಕ್ಷ್ಯಚಿತ್ರಕಾರರನ್ನು ಆರಿಸಿ, ಒಂದು ವರ್ಷ ಬೇಕಾದ ಚಿತ್ರ ಮಾಡಿಕೊಳ್ಳಲು ಖರ್ಚು ಕೊಡುತ್ತಾರಂತೆ. ಅರ್ಜಿಯ ಜೊತೆ ಒಂದು ಪುಟ್ಟ ಚಿತ್ರ ಕಳಿಸಬೇಕು. ಅದರಲ್ಲಿ ತಾನು ಈ ಕೆಲಸಕ್ಕೆ ಯಾಕೆ ಬಂದೆ ಎಂದು ಹೇಳಬೇಕು, ಅಷ್ಟೇ. ಡೈರೆಕ್ಟರು ಮುಂದಿನ ಕೋಣೆಯಲ್ಲಿ ಬೆನ್ನ ಹಿಂದೆ ನೀಲಿ ಬಟ್ಟೆ ಇಳಿಬಿಟ್ಟು, ಪುಟ್ಟಿಗೆ ಕ್ಯಾಮೆರಾ ಒಪ್ಪಿಸಿ, ಮುಖಕ್ಕೆ ದೀಪ ಹಾಕಿಕೊಂಡು ಕೂತರು. ಅತ್ತೆಯ ಕುರ್ಚಿ ಒಂದು ಇಂಚೂ ಸರಿಯಲಿಲ್ಲ.

"ನನ್ನ ಬಾಲ್ಯದಲ್ಲಿ" ಎಂದು ಡೈರೆಕ್ಟರು ಗಂಟಲು ಸರಿಮಾಡಿಕೊಂಡರು, "ನಮ್ಮಜ್ಜ ಲಾಟೀನಿನ ಬೆಳಕಿನಲ್ಲಿ ಕಥೆ ಹೇಳುತ್ತಿದ್ದರು..."

"ಯಾವ ಲಾಟೀನು?" ಅಂದರು ಅತ್ತೆ ಕಿಟಕಿಯಿಂದ. "ನೀನು ಹುಟ್ಟೋ ಹೊತ್ತಿಗೆ ಮನೇಲಿ ಕರೆಂಟಿತ್ತು. ನಿಮ್ಮಜ್ಜ ಕಥೆ ಹೇಳೋದಿರ್ಲಿ, ಊಟಕ್ಕೆ ಕರೆದ್ರೆ ಹೂಂ ಅನ್ನೋರಲ್ಲ."

"ಅಮ್ಮಾ, ಚಿತ್ರೀಕರಣ ನಡೀತಾ ಇದೆ."

"ಸುಳ್ಳು ನಡೀತಾ ಇದೆ."

ಮರುದಿನ ಬೇರೆ ಕಾರಣ. ಹತ್ತನೇ ವಯಸ್ಸಿನಲ್ಲಿ ಸಮಾಜದ ಅಸಮಾನತೆ ನೋಡಿ ಮನಸ್ಸು ಕಲಕಿತಂತೆ. ಪುಟ್ಟಿ ಕ್ಯಾಮೆರಾ ಹಿಂದಿನಿಂದ ನಕ್ಕು ಚಿತ್ರ ಅಲುಗಾಡಿಸಿದಳು. ಅದರ ಮರುದಿನ ಸತ್ಯದ ಹುಡುಕಾಟ. ಚಹಾ ತಂದುಕೊಟ್ಟ ಕನ್ನಡಕದಮ್ಮ ಬಾಗಿಲಲ್ಲೇ ನಿಂತು, "ನಿಮ್ಮ ಸಾಮಾನು ಎಲ್ಲಿಡೋದು ಅನ್ನೋ ಸತ್ಯ ಒಂಚೂರು ಹುಡುಕಿ, ತಿಂಗಳು ಮುಗೀತಾ ಬಂತು" ಅಂದಳು. ಡೈರೆಕ್ಟರು ಎಡಗೈ ಎತ್ತಿದರು. ಅವಳು ಖಾಲಿ ತಟ್ಟೆ ಹಿಡಿದುಕೊಂಡು ಆ ನಿಮಿಷವನ್ನೂ ನಿಂತೇ ಕಳೆದಳು.

ಮಾತು ಎತ್ತಿದಾಗಲೆಲ್ಲ ಹೀಗೇ. ಮೊಟ್ಟೆ ಬೇಯಿಸುವಾಗ ಕೇಳಿದಳು, ಕೈ ಎದ್ದಿತು. ಬಟ್ಟೆ ಒಣಹಾಕುವಾಗ ಕೇಳಿದಳು, ಮಹಡಿಯ ಮೇಲೂ ಕೈ ಎದ್ದಿತು. "ಇದು ರೂಮಲ್ಲವಲ್ರೀ" ಅಂದದ್ದಕ್ಕೆ "ಆಕಾಶಕ್ಕೂ ಒಂದು ಟೋನ್ ಇರುತ್ತೆ" ಎಂಬ ಉತ್ತರ ಬಂತು. ಯಜಮಾನರು ಅಂಗಡಿಯ ಫಲಕ ಇಳಿಸಿ ಗೋಡೆಗೆ ಒರಗಿಸಿಟ್ಟರು. ಯಂತ್ರ ನೋಡಿಕೊಂಡು ಹೋಗಲು ಬೇರೆ ಯಾರೋ ಬಂದೂ ಹೋದರು. ಅವರು ತಿರುಗಿಸಿ ನೋಡಿದ ಯಂತ್ರದ ಚಕ್ರವನ್ನು ಕನ್ನಡಕದಮ್ಮ ಆಮೇಲೆ ಎರಡು ಸಲ ಒರೆಸಿಟ್ಟಳು.

ಕೊನೆಗೆ ಡೈರೆಕ್ಟರಿಗೆ ಒಂದು ಉಪಾಯ ಹೊಳೆಯಿತು. ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಬದಲು ತಾಯಿಯ ಬಾಯಲ್ಲಿ ಹೇಳಿಸಿದರೆ ಚೆನ್ನ. ಒಂದು ಭಾನುವಾರ ಮಧ್ಯಾಹ್ನ ಅತ್ತೆ ತಲೆ ಬಾಚಿಕೊಂಡು, ತಮ್ಮ ಕುರ್ಚಿಯಲ್ಲೇ ನೆಟ್ಟಗೆ ಕೂತರು. ಕ್ಯಾಮೆರಾ ಹಿಂದೆ ಡೈರೆಕ್ಟರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಪಕ್ಕದಲ್ಲಿ ಪುಟ್ಟಿ. ಕನ್ನಡಕದಮ್ಮ ಗೋಡೆಗೊರಗಿ ಗಂಡನ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು.

"ನಿಮ್ಮ ಮಗ ಈ ಕೆಲಸಕ್ಕೆ ಯಾಕೆ ಬಂದ್ರು ಅಂತ ನಿಮಗನ್ಸುತ್ತೆ?" ಡೈರೆಕ್ಟರು ಅಪರಿಚಿತರ ಹತ್ತಿರ ಮಾತಾಡುವ ದನಿಯಲ್ಲಿ ಕೇಳಿದರು.

"ಅನ್ಸೋದೇನು, ಗೊತ್ತೇ ಇದೆ. ನಾನೂ ನಿಮ್ಮಪ್ಪನೂ ಕಚ್ಚಾಡ್ತಿದ್ವಿ. ದಿನಾ. ನನಗೆ ರಾತ್ರಿ ಪಾಳಿ, ಅವರಿಗೆ ಹಗಲು ಪಾಳಿ, ಸಿಗ್ತಾ ಇದ್ದದ್ದೇ ಒಂದು ಗಂಟೆ, ಅದರಲ್ಲಿ ಇಡೀ ದಿನದ್ದು ಮುಗಿಸ್ಬೇಕಿತ್ತು. ಮುಗೀದೆ ಇದ್ದಾಗ ನಿನ್ನನ್ನ ನಡುವೆ ನಿಲ್ಲಿಸ್ತಿದ್ವಿ. ನೀನೇ ಹೇಳು, ತಪ್ಪು ಅಪ್ಪಂದಾ ಅಮ್ಮಂದಾ ಅಂತ. ನೀನು ಮೇಜಿನ ಕೆಳಗೆ ಹೋಗಿ ಕೂತ್ಕೊಳ್ತಿದ್ದೆ."

ಡೈರೆಕ್ಟರು ಕ್ಯಾಮೆರಾ ಹಿಂದೆ ಇನ್ನಷ್ಟು ಬಾಗಿದರು. ಅತ್ತೆಗೆ ಲೈನು ಸಿಕ್ಕಿತ್ತು, ಬಿಡುವವರಲ್ಲ.

"ಒಂದು ಸಲ ನಿಮ್ಮ ಸೋದರಮಾವ ಹೊಸ ಕ್ಯಾಮೆರಾ ತಂದಿದ್ದ. ನಾವು ಶುರು ಮಾಡಿದ್ವಿ, ನೀನು ಅದನ್ನ ಎತ್ತಿ ಕಣ್ಣಿಗಿಟ್ಕೊಂಡೆ. ಕ್ಯಾಮೆರಾ ಹಿಡಿದೋನನ್ನ ಯಾರು ಏನು ಕೇಳ್ತಾರೆ? ನಾವಿಬ್ರೂ ಸುಮ್ಮನಾಗಿ ಕೂದಲು ಸರಿ ಮಾಡ್ಕೊಂಡ್ವಿ. ಅವತ್ತು ಎತ್ತಿದ್ದು, ಇನ್ನೂ ಇಳಿಸಿಲ್ಲ."

ಸೂಜಿ ಕನ್ನಡಕದಮ್ಮನ ಬೆರಳಿಗೆ ಚುಚ್ಚಿತು. ಡೈರೆಕ್ಟರ ಕಿವಿ ಕೆಂಪಾಗಿತ್ತು. "ಕಟ್" ಅಂದರು. ತಕ್ಷಣ ಎಡಗೈ ಎತ್ತಿ, ಜೇಬಿನ ರೆಕಾರ್ಡರ್ ಹೊರತೆಗೆದು, "ಒಂದ್ನಿಮಿಷ, ರೂಮ್ ಟೋನ್."

ಎಲ್ಲರೂ ಸುಮ್ಮನಾದರು. ಆದರೆ ಅವತ್ತು ಹೆಡ್‌ಫೋನ್ ಹಾಕಿಕೊಂಡಿದ್ದವಳು ಪುಟ್ಟಿ. ಅವಳು ಅದರ ತಂತಿಯನ್ನು ಅಪ್ಪನ ಕೈಯಲ್ಲಿದ್ದ ರೆಕಾರ್ಡರಿಗೆ ಸಿಕ್ಕಿಸಿದಳು, ಕಿವಿ ಒತ್ತಿ ಹಿಡಿದಳು, ಗುಂಡಿ ಅಮುಕಿದಳು, ಅದನ್ನು ಮಗುಚಿ ಬೆನ್ನಿನ ಮುಚ್ಚಳ ತೆಗೆದಳು.

"ಅಪ್ಪಾ, ಇದರಲ್ಲಿ ಬ್ಯಾಟರೀನೇ ಇಲ್ವಲ್ಲ."

ಡೈರೆಕ್ಟರ ಕೈ ಮೇಲೇ ಇತ್ತು.

"ಇಲ್ಲಿ ತುಕ್ಕು ಹಿಡಿದಿದೆ" ಅಂದಳು ಪುಟ್ಟಿ. "ಬಹಳ ಹಳೇ ತುಕ್ಕು."

ಮೊದಲು ಸ್ಫೋಟಿಸಿದ್ದು ಅತ್ತೆ. "ಲೋ, ಕೆಮ್ಮು ತಡ್ಕೊಂಡು ಕಣ್ಣಲ್ಲಿ ನೀರು ತಂದ್ಕೊಂಡಿದ್ದೀನಲ್ಲೋ! ಸೀನು ನುಂಗಿದ್ದೀನಿ! ಎಲ್ಲ ಸುಳ್ಳಾ?"

"ಅದು... ಹಾಗಲ್ಲ..."

"ಹೋದ ವರ್ಷ ಇವಳು ನನ್ನ ಕುರ್ಚಿ ಮೇಲೆ ಒದ್ದೆ ಟವೆಲ್ ಹಾಕಿದಾಗ ಒಂದು ಮಾತು ಹೇಳೋಕೆ ಹೊರಟೆ. ನೀನು ಕೈ ಎತ್ತಿದೆ. ಆ ಮಾತು ಇನ್ನೂ ಇಲ್ಲೇ ಕೂತಿದೆ" ಎಂದು ಎದೆ ತಟ್ಟಿಕೊಂಡರು.

"ಏನು ಮಾತು ಅತ್ತೆ?" ಅಂದಳು ಸೊಸೆ.

"ನೆನಪಿಲ್ಲ! ಅದಕ್ಕೇ ಹೊಟ್ಟೆ ಉರಿಯೋದು!"

ಕನ್ನಡಕದಮ್ಮನ ಹೊಟ್ಟೆಯೂ ಉರಿಯುತ್ತಿತ್ತು, ಆದರೆ ಬೇರೆ ಕಾರಣಕ್ಕೆ. ಉಸಿರು ಬಿಗಿಹಿಡಿದು ನಿಂತ ಅಷ್ಟೂ ನಿಮಿಷಗಳಲ್ಲಿ ಅವಳು ಗಂಡನ ಕೆಲಸಕ್ಕೆ ತಾನೂ ಕೈಜೋಡಿಸುತ್ತಿದ್ದೇನೆ ಎಂದುಕೊಂಡಿದ್ದಳು. ಅದು ಅವಳಿಗೆ ಬಹಳ ಇಷ್ಟದ ವಿಷಯವಾಗಿತ್ತು. ಅಳು ಬರುವ ಹಾಗಾಯಿತು, ಅದರ ಬದಲು ಅವಳು ಅತ್ತೆಯ ಕಡೆ ತಿರುಗಿದಳು.

"ನನ್ನದೂ ಒಂದು ಬಾಕಿ ಇದೆ ಅತ್ತೆ. ನಾನು ಅಡುಗೆ ಮಾಡಿ ಇಳಿಸಿದ ಮೇಲೆ ನೀವು ಬಂದು ಉಪ್ಪು ಹಾಕ್ತೀರಲ್ಲ, ಯಾಕೆ? ಮದುವೆಯಾದಾಗಿಂದ ಕೇಳ್ಬೇಕು ಅಂತಿದ್ದೀನಿ."

"ನಾನೆಲ್ಲಿ ಹಾಕ್ತೀನಿ? ನಾನು ಮಾಡಿದ್ದಕ್ಕೆ ನೀನು ಹಾಕ್ತೀಯ, ನಾಲಿಗೇಲಿ ಇಟ್ರೆ ಗೊತ್ತಾಗಲ್ವಾ?"

"ದೇವ್ರಾಣೆಗೂ ನಾನು ಹಾಕಲ್ಲ."

"ನಾನೂ ಹಾಕಲ್ಲ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಒಟ್ಟಿಗೆ ಕತ್ತು ತಿರುಗಿಸಿದರು. ಡೈರೆಕ್ಟರು ನೀಲಿ ಬಟ್ಟೆಯ ಮಡಿಕೆಯೊಳಗೆ ಅರ್ಧ ಸೇರಿಕೊಂಡಿದ್ದರು.

"ನಿಮ್ಮಿಬ್ರಿಗೂ ಉಪ್ಪು ಹಾಕೋಕೆ ಕೈ ಬರಲ್ಲ" ಅಂದರು ಮೆಲ್ಲಗೆ. "ಯಾರಿಗೆ ಅಂತ ಹೇಳ್ಲಿ? ಒಬ್ಬರಿಗೆ ಹೇಳಿದ್ರೆ ಇನ್ನೊಬ್ಬರ ಪಕ್ಷ ಹಿಡಿದ ಹಾಗಾಗುತ್ತೆ."

ಅಲ್ಲಿಂದ ಶುರುವಾಯಿತು ಅವರ ಶಿಕ್ಷೆ. ಯಾರೂ ಬೈಯಲಿಲ್ಲ. ಅತ್ತೆ ಒಂದೇ ಮಾತು ಹೇಳಿದರು: "ಇವನಿಗೆ ಮೌನ ತಾನೇ ಬೇಕು? ಹೊಟ್ಟೆ ತುಂಬ ಕೊಡೋಣ."

ಡೈರೆಕ್ಟರು ಅಡುಗೆಮನೆಗೆ ಕಾಲಿಟ್ಟರೆ ಅತ್ತೆ ಸೊಸೆ ಇಬ್ಬರ ಎಡಗೈಯೂ ಒಟ್ಟಿಗೆ ಏಳುತ್ತಿತ್ತು. ಹೊರಗೆ ಹೋದರೆ ಮತ್ತೆ ಗಿಜಿಗಿಜಿ ಮಾತು. ಚಹಾ ಬರುತ್ತಿತ್ತು, ಊಟ ಬರುತ್ತಿತ್ತು, ಇಸ್ತ್ರಿ ಮಾಡಿದ ಅಂಗಿ ಬರುತ್ತಿತ್ತು, ಮಾತು ಮಾತ್ರ ಇಲ್ಲ. ಏನಾದರೂ ಕೇಳಿದರೆ ಅತ್ತೆ ತಮ್ಮ ಹಳೇ ಕಚೇರಿಯ ದನಿಯನ್ನು ಹೊರಗೆ ತೆಗೆಯುತ್ತಿದ್ದರು. "ಈ ಮಾರ್ಗದ ಎಲ್ಲ ಲೈನುಗಳೂ ಕಾರ್ಯನಿರತವಾಗಿವೆ. ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ."

"ಅಮ್ಮಾ, ನನ್ನ ಕರವಸ್ತ್ರ ಎಲ್ಲಿ ಅಂತಷ್ಟೇ ಕೇಳಿದ್ದು."

"ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ."

ಹಾಲಿನವನಿಗೆ ಹೇಗೋ ಸುದ್ದಿ ಮುಟ್ಟಿತು. ಡೈರೆಕ್ಟರು ಬಾಗಿಲು ತೆಗೆದ ದಿನ ಅವನೂ ಎಡಗೈ ಎತ್ತಿ, ಪಾತ್ರೆ ಇಟ್ಟು ಹೋದ.

ಮಜವೆಂದರೆ, ಬಾಕಿ ಮಾತುಗಳನ್ನೆಲ್ಲ ಕಕ್ಕಿಕೊಂಡ ಮೇಲೆ ಅತ್ತೆ ಸೊಸೆಗೆ ಜಗಳಕ್ಕೆ ಹಳೇ ಸರಕು ಉಳಿಯಲಿಲ್ಲ. ಕುಕ್ಕರಿನ ರಬ್ಬರ್ ಯಾರು ಕಳೆದದ್ದು ಎಂಬುದು ಎರಡು ದಿನ ನಡೆದು ಇತ್ಯರ್ಥವಾಯಿತು, ಅತ್ತೆಯೇ ಕಳೆದದ್ದು. ಟವೆಲ್ಲಿನ ತಪ್ಪನ್ನು ಸೊಸೆ ಒಪ್ಪಿಕೊಂಡಳು. ಆದರೆ ಮುಂದಿನ ಕೋಣೆಯ ವಿಷಯದಲ್ಲಿ ಇಬ್ಬರೂ ಎಳ್ಳಷ್ಟೂ ಸಡಿಲಲಿಲ್ಲ. ಸುಮ್ಮನಿರುವುದರಲ್ಲಿ ಜೊತೆಗೂಡಿದ್ದರೇ ಹೊರತು ಕೋಣೆಯಲ್ಲಲ್ಲ. ಯಜಮಾನರು ಅಂಗಡಿಯಲ್ಲಿ ಯಂತ್ರಕ್ಕೆ ಗೋಣಿ ಸುತ್ತತೊಡಗಿದ್ದರು. "ನಾಳೆ ಒಳಗೆ ಹೇಳಿಬಿಡಮ್ಮ" ಅಂದರು. ಅವಳು ಮನೆಗೆ ಬರುವ ದಾರಿಯಲ್ಲಿ ಏನೂ ಕೊಳ್ಳದೆ ಒಂದು ಅಂಗಡಿಯ ಮುಂದೆ ಸುಮ್ಮನೆ ನಿಂತಿದ್ದು ಬಂದಳು.

ಆ ಸಂಜೆ ಊಟಕ್ಕೆ ಅತ್ತೆ ಆಲೂಗಡ್ಡೆ ಬೇಯಿಸಿದ್ದರು. ನಾಲ್ವರೂ ಕೂತರು. ಡೈರೆಕ್ಟರು ಒಂದು ತುತ್ತು ಬಾಯಿಗಿಟ್ಟುಕೊಂಡರು. ಅಗಿದರು. ಉಪ್ಪಿನ ಡಬ್ಬಿಯನ್ನು ನೋಡಿದರು. ಅದು ಈಗ ಅತ್ತೆಯ ತಟ್ಟೆಯ ಪಕ್ಕದಲ್ಲೇ ಇರುತ್ತಿತ್ತು, ಮುಚ್ಚಳ ಬಿಗಿದು.

"ಉಪ್ಪು ಕಮ್ಮಿ ಇದೆ" ಅಂದರು.

ಪುಟ್ಟಿಯ ಚಮಚ ಬಾಯಿಯ ಹತ್ತಿರ ನಿಂತಿತು.

"ಯಾರು ಮಾಡಿದ್ದು ಅಂತ ಗೊತ್ತಿದೆಯಾ?" ಅಂದರು ಅತ್ತೆ, ಆಪರೇಟರ್ ದನಿ ಮರೆತು.

"ಗೊತ್ತು. ನೀನು. ಅವಳದ್ದೂ ಕಮ್ಮೀನೇ ಇರುತ್ತೆ, ಆದ್ರೆ ಇವತ್ತು ನೀನು." ಡೈರೆಕ್ಟರ ಹಣೆಯಲ್ಲಿ ಬೆವರಿತ್ತು. "ಇನ್ನೊಂದು ಮಾತಿದೆ."

"ಹೇಳು. ಲೈನು ಖಾಲಿ ಇದೆ."

ಕನ್ನಡಕದಮ್ಮ ನೋಡುತ್ತಲೇ ಇದ್ದಳು. ಗಂಡನ ಎಡಗೈ ಮೇಜಿನ ಮೇಲಿಂದ ಒಂದು ಗೇಣು ಎದ್ದಿತು. ಅವರು ಬಲಗೈಯಿಂದ ಅದನ್ನು ಹಿಡಿದು ಕೆಳಗಿಟ್ಟರು.

"ಮುಂದಿನ ಕೋಣೆ ಅವಳಿಗೆ ಕೊಡ್ಬೇಕು. ಅಲ್ಲಿ ಅಂಗಡಿ ಆಗ್ಬೇಕು. ನನ್ನ ಸಾಮಾನು ಮೆಟ್ಟಿಲ ಕೆಳಗೆ ಹಾಕ್ತೀನಿ. ನಾನು ಎಡಿಟಿಂಗ್ ಮಾಡೋ ಹಿಂದಿನ ಕೋಣೆ ನೀನು ತಗೋ."

"ಬೀದಿ ಕಾಣಲ್ಲ."

"ಕಾಣಲ್ಲ" ಅಂದರು ಡೈರೆಕ್ಟರು. "ಟ್ಯಾಂಕು ಕಾಣುತ್ತೆ."

"ನನಗೆ ಬೇಜಾರಾಗುತ್ತೆ ಅಂತ ಗೊತ್ತಿದ್ದೂ ಹೇಳ್ತಾ ಇದ್ದೀಯಾ?"

"ಗೊತ್ತಿದ್ದೇ ಹೇಳ್ತಾ ಇದ್ದೀನಿ. ಇಷ್ಟು ವರ್ಷ ನನ್ನ ಕೆಲಸಾನ ಸಾಕಿದ್ದು ಅವಳ ಕೆಲಸ ಅಮ್ಮ. ಈಗ ಅದಕ್ಕೆ ಕೂರೋಕೆ ಜಾಗ ಇಲ್ಲ ಅಂದ್ರೆ ಹೇಗೆ?"

ಅತ್ತೆ ತಟ್ಟೆ ಸರಿಸಿ ಎದ್ದರು. ಮುಂದಿನ ಕೋಣೆಗೆ ಹೋಗಿ ತಮ್ಮ ಕುರ್ಚಿಯಲ್ಲಿ ಕೂತು ಬೀದಿಗೆ ಮುಖ ಮಾಡಿದರು. ಮೇಜಿನ ಹತ್ತಿರ ಯಾರಿಗೂ ಊಟ ಸೇರಲಿಲ್ಲ. ಕನ್ನಡಕದಮ್ಮನಿಗೆ ಗೆದ್ದ ಸಂತೋಷ ಬರಬೇಕಿತ್ತು, ಬಂದದ್ದು ಸಂಕಟ. ಎದ್ದು ಹೋಗಿ ಕುರ್ಚಿಯ ಪಕ್ಕದಲ್ಲಿ ನಿಂತಳು.

ಅತ್ತೆಯ ಕಣ್ಣು ಒದ್ದೆಯಾಗಿತ್ತು. "ನಿಮ್ಮ ಮಾವ ಬದುಕಿರೋವರೆಗೂ ಕಾದೆ ಕಣೇ" ಅಂದರು. "ಒಂದೇ ಒಂದು ಸಲ ಇವನು ಬಾಯಿ ಬಿಟ್ಟು ಅಮ್ಮ ಹೇಳಿದ್ದೇ ಸರಿ ಅನ್ಲಿ ಅಂತ. ಅನ್ಲಿಲ್ಲ. ಈಗ ಬಿಟ್ಟ ನೋಡು ಬಾಯಿ. ನನ್ನ ವಿರುದ್ಧವೇ ಬಿಟ್ಟ." ಹೇಳುತ್ತ ಹೇಳುತ್ತ ಅವರಿಗೆ ನಗು ಬಂತು, ತಡೆಯಲು ಹೋದರು, ಆಗಲಿಲ್ಲ. "ಅಂತೂ ಬಿಟ್ಟನಲ್ಲ. ಆಲೂಗಡ್ಡೆಗೆ ನಿಜವಾಗ್ಲೂ ಉಪ್ಪು ಕಮ್ಮಿ ಇತ್ತಾ?"

"ಇತ್ತು ಅತ್ತೆ."

"ಸರಿ. ಕೇಳು. ಮಲಗೋದು ಹಿಂದೆ ಮಲಗ್ತೀನಿ. ಆದ್ರೆ ಈ ಕುರ್ಚಿ ಈ ಕಿಟಕಿ ಬಿಟ್ಟು ಅಲ್ಲಾಡಲ್ಲ. ಅಂಗಡೀನ ಅದರ ಸುತ್ತ ಮಾಡ್ಕೋ."

"ಬಂದೋರನ್ನ ಮಾತಾಡಿಸಿ ಕೂರಿಸೋಕೆ ನನಗೂ ಒಬ್ಬರು ಬೇಕು."

"ಬಿಟ್ಟಿಯಾಗಿ ಅಲ್ಲ."

"ಅಲ್ಲ ಅತ್ತೆ."

ಪಾತ್ರೆ ತೊಳೆಯುವಾಗ ಡೈರೆಕ್ಟರು ಒರೆಸುವ ಬಟ್ಟೆ ಹಿಡಿದು ಬಂದು ನಿಂತರು. ಕನ್ನಡಕದಮ್ಮ ಅವರ ಮುಖ ನೋಡದೆ ಒಂದು ತಟ್ಟೆ ಕೊಟ್ಟಳು, ಇನ್ನೊಂದು ಕೊಟ್ಟಳು.

"ಒಂದು ಕೇಳ್ತೀನಿ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಹೇಳ್ಬೇಡಿ. ಅವತ್ತು ಅಂಗಡೀಲಿ, ಮೊದಲ ಸಲ ಕೈ ಎತ್ತಿದ್ರಲ್ಲ, ಅವತ್ತು ಬ್ಯಾಟರಿ ಇತ್ತಾ?"

"ಇತ್ತು."

"ನಿಜ ಹೇಳಿ."

"ಇತ್ತು ಕಣೇ. ಆದ್ರೆ ಉಪಯೋಗಕ್ಕೆ ಬರ್ಲಿಲ್ಲ. ಮಧ್ಯದಲ್ಲಿ ನೀನು ಇಷ್ಟುದ್ದ ಉಸಿರು ಬಿಟ್ಟೆ, ಅದೂ ರೆಕಾರ್ಡ್ ಆಗಿಬಿಟ್ಟಿತ್ತು. ಇನ್ನೊಂದು ಸಲ ಹಿಡೀಬೇಕು ಅಂತ ಮತ್ತೆ ಅಂಗಡಿಗೆ ಬಂದೆ. ಆಮೇಲೆ ಇನ್ನೊಂದು ಸಲ. ನೀನು ಪ್ರತೀ ಸಲ ಉಸಿರು ಬಿಡ್ತಿದ್ದೆ."

ಅವಳು ನಲ್ಲಿ ನಿಲ್ಲಿಸಿದಳು. ಒದ್ದೆ ಕೈಯನ್ನು ಗಂಡನ ಅಂಗಿಗೆ ಚೆನ್ನಾಗಿ ಒರೆಸಿದಳು. ತೋಳು ಇಡೀ ನೆನೆಯಿತು. ಅವಳ ಮನಸ್ಸು ಹಗುರವಾಯಿತು.

ಯಂತ್ರ ಮರುದಿನವೇ ಬಂತು. ಗಾಜಿನ ಬೀರು ಕೈಗಾಡಿಯಲ್ಲಿ ಬಂತು. ಡೈರೆಕ್ಟರ ಪೆಟ್ಟಿಗೆಗಳು ಮೆಟ್ಟಿಲ ಕೆಳಗೆ ಹೋದವು. ಎಲ್ಲ ಅರ್ಧಂಬರ್ಧ ಇರುವಾಗಲೇ ಪುಟ್ಟಿ ನೆನಪಿಸಿದಳು: "ಅಪ್ಪಾ, ಚಿತ್ರ ಕಳಿಸೋಕೆ ಇವತ್ತೇ ಕೊನೇ ದಿನ."

ನೀಲಿ ಬಟ್ಟೆ ಕಟ್ಟಲು ಜಾಗವಿರಲಿಲ್ಲ. ಡೈರೆಕ್ಟರು ಒಂದು ದೀಪದ ಪೆಟ್ಟಿಗೆಯ ಮೇಲೆ ಕೂತರು, ಹಿಂದೆ ಅಕ್ಷರದ ಫಲಕ. ಪಕ್ಕದಲ್ಲಿ ಅತ್ತೆ ತಮ್ಮ ಕುರ್ಚಿಯಲ್ಲಿ. ಕನ್ನಡಕದಮ್ಮ ಬೀರುವಿನ ಗಾಜು ಒರೆಸುತ್ತಿದ್ದಳು. ಪುಟ್ಟಿ ಕ್ಯಾಮೆರಾ ಹಿಂದಿನಿಂದ ಕೇಳಿದಳು, "ನೀನು ಈ ಕೆಲಸಕ್ಕೆ ಯಾಕೆ ಬಂದೆ?"

ಡೈರೆಕ್ಟರಿಗೆ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ತೊಡೆಯ ಕೆಳಗೆ ಇಟ್ಟುಕೊಂಡು ಕೂತರು.

"ಮನೇಲಿ ಯಾರೂ ನನ್ನನ್ನ ಏನೂ ಕೇಳದಿರ್ಲಿ ಅಂತ ಬಂದೆ" ಅಂದರು. "ಕ್ಯಾಮೆರಾ ಹಿಂದಿದ್ರೆ ನಾವು ಕೇಳ್ತಾ ಇರ್ಬಹುದು, ಹೇಳೋ ಕಷ್ಟ ಎದುರಿಗಿರೋರಿಗೆ. ಆಮೇಲೆ ಕೇಳಿಸ್ಕೊಳ್ತಾ ಕೇಳಿಸ್ಕೊಳ್ತಾ ಜನರ ಮೇಲೆ ಪ್ರೀತಿ ಬಂತು, ಅದಕ್ಕೇ ಬಿಡೋಕಾಗ್ಲಿಲ್ಲ. ಬಂದ ಕಾರಣ ಒಂದು, ಉಳಿದ ಕಾರಣ ಇನ್ನೊಂದು. ಇಷ್ಟೇ. ಇನ್ನೇನೂ ಇಲ್ಲ."

"ಕಟ್" ಅಂದಳು ಪುಟ್ಟಿ. ಆಮೇಲೆ ಗಂಭೀರವಾಗಿ ರೆಕಾರ್ಡರನ್ನು ಎಲ್ಲರಿಗೂ ತೋರಿಸಿ, ಮುಚ್ಚಳ ತೆಗೆದು ಹೊಸ ಬ್ಯಾಟರಿಯನ್ನೂ ತೋರಿಸಿ, ಗುಂಡಿ ಅಮುಕಿ ಎಡಗೈ ಎತ್ತಿದಳು. "ರೂಮ್ ಟೋನ್."

ಕೋಣೆ ಸುಮ್ಮನಾಯಿತು. ಹೊಸ ಜಾಗಕ್ಕೆ ಬಂದ ಯಂತ್ರದಿಂದ ನೀರು ತೊಟ್ಟಿಕ್ಕುತ್ತಿತ್ತು. ಬೀದಿಯಲ್ಲಿ ಯಾರೋ ಸೈಕಲ್ ನಿಲ್ಲಿಸಿದರು. ಕನ್ನಡಕದಮ್ಮ ಗಾಜಿನ ಮೇಲೆ ಬಟ್ಟೆ ಹಾಗೇ ಒತ್ತಿಹಿಡಿದು, ಕೇಳಿಸಿಕೊಳ್ಳುತ್ತ, ಇಷ್ಟುದ್ದ ಉಸಿರು ಬಿಟ್ಟಳು.

"ಈ ಬೀರು ಕಿಟಕಿಗೆ ಅಡ್ಡ ಬರುತ್ತೆ" ಅಂದರು ಅತ್ತೆ.

"ಬರಲ್ಲಮ್ಮ, ಅಳೆದಿದ್ದೀನಿ" ಅಂದರು ಡೈರೆಕ್ಟರು.

"ಹಾಲಿನವನ ಅರ್ಧ ಮುಖ ಕಾಣ್ತಾ ಇಲ್ಲ."

"ಉಳಿದರ್ಧ ಕಾಣುತ್ತಲ್ಲ, ಸಾಲದಾ?"

"ಎಡಕ್ಕೆ ಸರಿಸು."

"ಎಡಕ್ಕೆ ಸರಿಸಿದ್ರೆ ಬಾಗಿಲು ತೆಗೆಯೋಕಾಗಲ್ಲ. ನೀನು ಹೇಳೋದು ತಪ್ಪು."

"ನಾನು ಹೇಳೋದು ತಪ್ಪಾ?"

"ತಪ್ಪು!"

ಪುಟ್ಟಿ ತಾಯಿಯ ಮುಖ ನೋಡಿದಳು. ತಾಯಿ ಬೇಡ, ನಿಲ್ಲಿಸಬೇಡ ಎಂದು ತಲೆಯಾಡಿಸಿದಳು. ರೆಕಾರ್ಡರಿನ ಕೆಂಪು ದೀಪ ಉರಿಯುತ್ತಲೇ ಇತ್ತು. ಪುಟ್ಟಿ ಎತ್ತಿದ ಎಡಗೈ ಎತ್ತಿದ ಹಾಗೇ ಇತ್ತು. ಆ ಮನೆಯಲ್ಲಿ ಮೊದಲ ಸಲ ಅದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.